ತಾಳೆ ನೋಡಿದೆ

ಸೇಡಂ ರಸ್ತೆಯ ದವಾಖಾನಿ, ಎರಡನೇ ಮಾಳಿಗಿ,
ಲಿಫ್ಟಿನ ಹಿಂದ, ಎಕ್ಸ್‌ರೇ ಖೋಲಿಗೆ ಹತ್ತಿದ ಗ್ವಾಡಿ. ಅಲ್ಲಿ ನಾನು.
ನಾಡಿ ಹಿಡಿಯೋರ ನಾಡಿ ಹಿಡಿಯೋದು ನನ್ನ ನೌಕರಿ.
ಕಾಗದದ ನಾಡಿ ಅಷ್ಟೇ, ಮತ್ತೇನಿಲ್ಲ.

ಹತ್ತನೇತ್ತೆ ಅಂಕಪಟ್ಟಿ, ಪದವಿ, ಇಂಟರ್ನ್‌ಶಿಪ್ಪಿನ ಚೀಟಿ,
ಕೌನ್ಸಿಲ್ಲಿನ ನೋಂದಣಿ, ಅದರ ನವೀಕರಣ,
ಹಿಂದಿನ ನೌಕರಿ ಯಾಕ ಬಿಟ್ರಿ ಅನ್ನೋದಕ್ಕೊಂದು ಪತ್ರ,
ನಡುವ ಎಂಟು ತಿಂಗಳು ಎಲ್ಲಿದ್ರಿ ಅನ್ನೋದಕ್ಕ ಇನ್ನೊಂದು.
ಬ್ಯಾಸಗಿಯಾಗ ಫ್ಯಾನು ಹಚ್ಚಿದರ ಅರ್ಹತೆಗಳು ಹಾರತಾವ.
ಅದಕ್ಕೇ ಒಂದೊಂದರ ಮ್ಯಾಲೂ ಶಹಾಬಾದ್ ಫರ್ಸಿಯ ತುಂಡು.

ತಂದವರ ಕಾಗದ ನಂಬೋ ಹಂಗಿಲ್ಲ.
ಕೊಟ್ಟವರನ್ನೇ ಕೇಳಬೇಕು, ನೇರವಾಗಿ:
ನೀವೇ ಏನ್ರಿ ಕೊಟ್ಟದ್ದು? ಇವರಿಗೇ ಏನ್ರಿ?

ಗುರುಮಠಕಲ್ಲಿನ ನರ್ಸಮ್ಮ ಒಬ್ಬಾಕಿ ಬಂದಿದ್ದಳು.
ಸಾಲಿ ದಾಖಲೆಯಾಗ ಜಗದೇವಿ, ಡಿಪ್ಲೊಮಾದಾಗ ಜಗದೇವಮ್ಮ,
ಕೌನ್ಸಿಲ್ಲಿನ ಪಟ್ಟಿಯಾಗ ಬರೇ ಜೆ. ದೇವಿ.
ಮೂವರನ್ನೂ ಕರಕೊಂಡು ಬಾ ಅಂದೆ.
ಆಕಿ ನಕ್ಕಳು. ನಾನು ನಗಲಿಲ್ಲ, ಕುರ್ಚಿ ನಗಗೊಡಲಿಲ್ಲ.
ಮರುದಿನ ಬಾಂಡ್ ಪೇಪರಿನ ಮ್ಯಾಲ
ನೋಟರಿ ಸಾಹೇಬರ ಮುಂದ ಮೂವರು ಒಬ್ಬಾಕಿ ಆದರು.
ತಾಳೆ ನೋಡಿದೆ ಅಂತ ಮುದ್ರಿ ಒತ್ತಿದೆ, ಸಣ್ಣಗೆ ಸಹಿ.

ಗುರುವಾರ ಕಮಿಟಿ ಕೂತರ ಮನುಷ್ಯನ ಮೈ ಪಾಲಾಗ್ತದ.
ಇವರು ಪಿತ್ತಕೋಶ ತೆಗೀಬಹುದು, ಥೈರಾಯ್ಡು ಮುಟ್ಟಬಾರದು.
ಇವರು ಹೆರಿಗಿ ಮಾಡಿಸಬಹುದು, ಕೊಯ್ಯೋದಾದರ
ಹಿರಿಯರು ಬಾಜೂಕ ನಿಂತಿರಬೇಕು.
ಎರಡು ವರ್ಷ. ಆಮ್ಯಾಲ ಮತ್ತ ಮೊದಲಿನಿಂದ.
ಚಹಾ ಬರ್ತದ, ಖಾರಾ ಬಿಸ್ಕಿಟು ಬರ್ತಾವ,
ಯಾರದೋ ಬೆನ್ನುಹುರಿ ಮುಂದಿನ ತಿಂಗಳಿಗೆ ಹೋಗ್ತದ.

ಮೇ ತಿಂಗಳದಾಗ ಒಬ್ಬ ಬಂದ. ಇಸ್ತ್ರಿ ಮಾಡಿದ ಅಂಗಿ,
ಇಸ್ತ್ರಿ ಮಾಡಿದಂಥ ಫೈಲು. ಒಂದು ಮಡಿಕಿಯೂ ಇಲ್ಲ.
ಚಿತ್ತಾಪುರದ ಕಡೆ ಆರು ವರ್ಷ ಪ್ರಾಕ್ಟೀಸು ಅಂತ ಬರೆದಿದ್ದ.
ರಾತ್ರಿ ಪಾಳಿ ಸಾಕು, ಪಗಾರ ಎಷ್ಟಾದರೂ ನಡೀತದ ಅಂದ.
ನಂಬರು ಒತ್ತಿದೆ. ನಂಬರು ಜೀವಂತ ಇತ್ತು.
ಹೆಸರು ಮಾತ್ರ ಬ್ಯಾರೆ: ವೈಜನಾಥ ಹಲಬರ್ಗೆ, ಭಾಲ್ಕಿ.
ಅಚ್ಚಿನ ತಪ್ಪಿರಬೇಕು ಅಂದ ಇವ, ಬೆವರು ಒರೆಸಿಕೊಂಡ.
ನೀರು ಕುಡದು ಬರ್ತೀನಿ ಅಂತ ಇಳಿದು ಹೋದ.
ಅವನ ಪೆನ್ನು ಇನ್ನೂ ನನ್ನ ಡಬ್ಬಿಯಾಗ ಅದ.

ಭಾಲ್ಕಿಯ ಔಷಧಿ ಅಂಗಡಿಯವ ಮನಿ ನಂಬರು ಕೊಟ್ಟ.
ಎತ್ತಿದವರು ಹೆಣ್ಣುಮಗಳು, ವಯಸ್ಸಾದ ದನಿ.
ಡಾಕ್ಟರು ಇದ್ದಾರೇನ್ರಿ?
ಇಲ್ಲವ್ವಾ, ಹೊರಗ ಹೋಗ್ಯಾರ. ಹನ್ನೊಂದು ವರ್ಷ ಆತು.

ಊರಿಗೆಲ್ಲಾ ತಿಳಿಸಿದ್ವಿ ಅಂದರು, ಉದಗೀರಿನ ಬೀಗರಿಗೂ ತಾರೀಖು ಹೇಳಿ ಕಳಿಸಿದ್ವಿ.
ಕೌನ್ಸಿಲ್ಲಿಗೂ ತಿಳಿಸಬೇಕು ಅಂತ ಯಾರೂ ಹೇಳಲಿಲ್ಲ.
ಯಾಕ ಕೇಳ್ತಿ?
ಹೇಳಿದೆ.
ಆಕಡಿ ಕುಕ್ಕರು ಒಂದು ಸೀಟಿ ಹೊಡೀತು, ಇನ್ನೊಂದು ಹೊಡೀತು.
ಆರು ವರ್ಷ ಅಂದ್ಯಾ? ಅಲ್ಲಿ ಯಾರಿಗೂ ಏನೂ ಆಗಿಲ್ಲಲ್ಲಾ?
ನಮ್ಮನಿಯವರ ನಂಬರಿನ ಮ್ಯಾಲ?

ಗೊತ್ತಿಲ್ರಿ ಅಂದೆ. ನನ್ನ ಹತ್ರ ಆ ಕಾಲಮ್ಮು ಇಲ್ಲ.

ಚಿತ್ತಾಪುರದಾಗ ಯಾವ ಓಣಿ, ಯಾವ ಅಂಗಡಿ,
ಯಾರ ಕೂಸಿಗೆ ಯಾವ ಸೂಜಿ, ಎಷ್ಟು ಜ್ವರ ತಾನೇ ಇಳಿದವು,
ಎಷ್ಟು ಇಳಿಲಿಲ್ಲ. ಆಕಿ ಕೇಳಿದ್ದು ಒಂದೇ ಮಾತು.
ನಾನು ಕೂತಲ್ಲೇ ಅದನ್ನ ಆರು ವರ್ಷ ಎಣಿಸಿದೆ.

ಇನ್ನ ಆ ನಂಬರು ಏನು ಮಾಡ್ತಾರ?
ಮರಣ ಪತ್ರದ ನಕಲು ಕಳಸ್ರಿ, ಬಂದ್ ಮಾಡ್ತಾರ.
ಬಂದ್ ಅಂದರ?
ಪಟ್ಟಿಯಿಂದ ತೆಗೀತಾರ.
ಅವರ ಸೂಟ್‌ಕೇಸಿಗೆ ಅದೇ ನಂಬರವ್ವಾ, ಕಡೀ ಮೂರು ಅಂಕಿ.
ನಾಕು, ಸೊನ್ನಿ, ಏಳು. ಸ್ಟೆತೊಸ್ಕೋಪು ಒಳಗಡೇನೇ ಅದ.
ಅದು ತೆರೀತದಲ್ಲಾ, ಆಮ್ಯಾಲೂ?

ತೆರೀತದ್ರಿ ಅಂದೆ.
ಇಷ್ಟು ವರ್ಷದಾಗ ಯಾವ ದಾಖಲೆಯೂ ಕೇಳದೇ
ನಾನು ಖಾತ್ರಿ ಕೊಟ್ಟದ್ದು ಅದೊಂದಕ್ಕೇ.

ಹೊರಗ ಬೆಂಚಿನ ಮ್ಯಾಲ ನಾಕು ಮಂದಿ,
ತೊಡಿ ಮ್ಯಾಲ ನಾಕು ಫೈಲು, ಎಲ್ಲಾದಕ್ಕೂ ಪ್ಲಾಸ್ಟಿಕ್ಕಿನ ಹೊದಿಕಿ.
ಫರ್ಸಿ ತುಂಡು ಸರಿಸಿದೆ.
ಬರ್ರಿ ಅಂದೆ, ಮೂಲ ಪ್ರತಿ ತಂದೀರೇನು?